ಓಣಿಯ ನಾಯಿಗೆ ಒಡೆಯರು ಯಾರು?



ನಮ್ಮ ನಾಲವಾರದಲ್ಲಾಗಲಿ, ಸುತ್ತಲಿನ ಯಾವುದೇ ಹಳ್ಳಿಯಲ್ಲಾಗಲಿ ಒಂದೇ ಪ್ರಶ್ನೆಯನ್ನು ಎರಡು ಸಂದರ್ಭಗಳಲ್ಲಿ ಕೇಳಿ ನೋಡಿರಿ. ಓಣಿಯ ನಾಯಿಯೊಂದು ನಡುರಾತ್ರಿ ಬೊಗಳಿ, ಹಿತ್ತಲಿಗೆ ಕಾಲಿಟ್ಟ ಕಳ್ಳನನ್ನು ಓಡಿಸಿತು ಎಂದುಕೊಳ್ಳಿ. ಬೆಳಗಾದ ಮೇಲೆ "ಈ ನಾಯಿ ಯಾರದಪ್ಪಾ?" ಎಂದು ಕೇಳಿದರೆ ಮೂರು ಮನೆಯವರು ಮುಂದೆ ಬಂದು "ನಮ್ಮದು" ಎನ್ನುತ್ತಾರೆ. ಅದೇ ನಾಯಿ ಮರುದಿನ ಶಾಲೆಗೆ ಹೊರಟ ಮಗುವಿನ ಮೀನಖಂಡಕ್ಕೆ ಬಾಯಿ ಹಾಕಿತು ಎಂದುಕೊಳ್ಳಿ. ಅದೇ ಪ್ರಶ್ನೆಯನ್ನು ಅದೇ ಮೂರು ಮನೆಗಳ ಮುಂದೆ ನಿಂತು ಕೇಳಿರಿ. "ನಮ್ದಲ್ರೀ ಸರ, ಅದು ಓಣ್ಯಾಗಿನ ನಾಯಿ ಅದ" ಎಂಬ ಉತ್ತರ ಮೂರೂ ಬಾಗಿಲುಗಳಿಂದ ಒಂದೇ ರಾಗದಲ್ಲಿ ಬರುತ್ತದೆ! ಕಾವಲಿಗೆ ಒಡೆಯರು ಮೂವರು, ಕಡಿತಕ್ಕೆ ಒಬ್ಬರೂ ಇಲ್ಲ.

ನಾಯಿಗಳ ಹಾವಳಿಯ ಕುರಿತು ಈಚೆಗೆ ಎಷ್ಟೊಂದು ಚರ್ಚೆ ನಡೆಯುತ್ತಿದೆ! ದೂರದರ್ಶನದ ವಾಹಿನಿಗಳಲ್ಲಿ, ಪತ್ರಿಕೆಗಳಲ್ಲಿ, ಚಹಾದ ಅಂಗಡಿಗಳಲ್ಲಿ ಎರಡು ಪಕ್ಷಗಳು ಕೂಗಾಡುತ್ತಿವೆ. ಒಂದು ಪಕ್ಷ "ಎಲ್ಲ ನಾಯಿಗಳನ್ನೂ ಕೊಲ್ಲಿರಿ" ಎನ್ನುತ್ತದೆ. ಇನ್ನೊಂದು "ಮೂಕಪ್ರಾಣಿಗಳ ಮೇಲೆ ಕರುಣೆ ಇಡಿರಿ" ಎನ್ನುತ್ತದೆ. ಈ ಗದ್ದಲದಲ್ಲಿ ಹಾಯಾಗಿ ತಪ್ಪಿಸಿಕೊಂಡು ಹೋಗುತ್ತಿರುವ ವ್ಯಕ್ತಿಯೊಬ್ಬನಿದ್ದಾನೆ. ನಾಯಿಗೆ ದಿನವೂ ರೊಟ್ಟಿ ಹಾಕಿ, ಅದರ ಕಾವಲನ್ನು ಪಡೆದು, ಅದಕ್ಕೆ ಹಗ್ಗವನ್ನೂ ಹಾಕದೆ, ಲಸಿಕೆಯನ್ನೂ ಹಾಕಿಸದೆ, ಅದು ಕಡಿದಾಗ ಮಾತ್ರ "ನಮ್ದಲ್ರೀ" ಎನ್ನುವ ಒಡೆಯ! ಗ್ರಾಮ ಪಂಚಾಯಿತಿಯು ಅವನ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡುವವರೆಗೆ ಈ ಪಿಡುಗು ತೊಲಗುವುದಿಲ್ಲ ಎಂಬುದು ನನ್ನ ವಾದ. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ನಾಯಿ. ನನ್ನ ಸಿಟ್ಟೆಲ್ಲ ಮನುಷ್ಯನ ಮೇಲೆ.

ಮೊದಲಿಗೆ ದಿಲ್ಲಿಯಿಂದ ಬಂದ ಔಷಧವನ್ನು ನೋಡೋಣ. 2024ರ ಮಾರ್ಚ್ 12ರಂದು ಕೇಂದ್ರ ಸರಕಾರದ ಪಶುಸಂಗೋಪನಾ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳ ನಾಯಿಗಳು ಮನುಷ್ಯನಿಗೆ ಅಪಾಯಕಾರಿ. ಅವುಗಳ ಮಾರಾಟಕ್ಕೆ, ಸಾಕಣೆಗೆ ಪರವಾನಗಿ ಕೊಡಕೂಡದು. ಈಗಾಗಲೇ ಸಾಕಿದವರು ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಎಂಬುದು ಅದರ ಸಾರ. ಪಟ್ಟಿಯಲ್ಲಿ ಫಿಲಾ ಬ್ರೆಸಿಲೆರೊ, ಡೋಗೊ ಅರ್ಜೆಂಟಿನೊ, ಟೋಸಾ ಇನು ಎಂಬ ಹೆಸರುಗಳಿದ್ದವು. ನಾಲ್ಕು ದಶಕಗಳಿಂದ ವಾಡಿ, ಚಿತ್ತಾಪುರ, ಶಹಾಬಾದ್‌ಗಳನ್ನು ತಿರುಗಿದ ನಾನು ಈ ಮಹಾಶಯರಲ್ಲಿ ಒಬ್ಬರನ್ನೂ ಕಂಡವನಲ್ಲ! ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2024ರ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿದರು. ಸಂಬಂಧಪಟ್ಟವರ ಮಾತನ್ನೇ ಕೇಳದೆ ಹೊರಡಿಸಿದ್ದು ಎಂಬುದು ಮುಖ್ಯ ಕಾರಣ. ತೀರ್ಪು ಸರಿಯಾದುದೇ. ಆದರೆ ಸುತ್ತೋಲೆ ಹೋಯಿತು, ಅದರ ಜಾಗಕ್ಕೆ ನಮ್ಮ ಊರುಗಳಿಗೆ ಒಪ್ಪುವ ಮತ್ತೊಂದು ಬರಲಿಲ್ಲ.

ತಳಿಯ ಹೆಸರು ಹಿಡಿದು ನಿಷೇಧಿಸುವ ಪ್ರಯೋಗವನ್ನು ಬ್ರಿಟನ್ನು 1991ರಲ್ಲಿಯೇ ಮಾಡಿತು. ನಾಲ್ಕು ತಳಿಗಳನ್ನು ಕಾಯಿದೆಯಲ್ಲಿ ಹೆಸರಿಸಿತು. ಜನ ಏನು ಮಾಡಿದರು? ಪಟ್ಟಿಯಲ್ಲಿಲ್ಲದ ಇನ್ನೊಂದು ದೈತ್ಯ ತಳಿಯನ್ನು ಬೆಳೆಸಿದರು. ಮೂವತ್ತೆರಡು ವರ್ಷಗಳಾದ ಮೇಲೆ, 2023ರ ಕೊನೆಯಲ್ಲಿ, ಎಕ್ಸ್‌ಎಲ್ ಬುಲ್ಲಿ ಎಂಬ ಅದನ್ನೂ ಪಟ್ಟಿಗೆ ಸೇರಿಸಬೇಕಾಯಿತು. ಕೆನಡಾ ದೇಶದ ಕ್ಯಾಲ್ಗರಿ ನಗರದ ದಾರಿ ಬೇರೆ. ಅಲ್ಲಿನ ನಗರಸಭೆ 2006ರಲ್ಲಿ ಮಾಡಿದ ಉಪನಿಯಮದ ಹೆಸರಿನಲ್ಲಿಯೇ ಒಡೆಯನ ಹೊಣೆಗಾರಿಕೆ ಎಂಬ ಮಾತಿದೆ. ಯಾವ ತಳಿಯನ್ನಾದರೂ ಸಾಕು, ಆದರೆ ಪರವಾನಗಿ ಮಾಡಿಸು, ನಿನ್ನ ನಾಯಿ ಕಡಿದರೆ ನೀನೇ ದಂಡ ಕಟ್ಟು ಎಂಬುದು ಅದರ ಧಾಟಿ. ಒಂದು ಕಾನೂನು ನಾಯಿಯ ಜಾತಿ ಕೇಳಿತು, ಇನ್ನೊಂದು ಒಡೆಯನ ವಿಳಾಸ ಕೇಳಿತು. ಜಾತಿ ಕೇಳುವ ಚಟ ನಮಗೆ ಮೊದಲೇ ಸಾಕಷ್ಟಿದೆ. ವಿಳಾಸ ಕೇಳುವುದನ್ನು ಕಲಿಯೋಣ.

ದೊಡ್ಡ ತಳಿಯ ನಾಯಿಗಳ ಅಪಾಯವನ್ನು ನಾನು ಅಲ್ಲಗಳೆಯುತ್ತಿಲ್ಲ. 2025ರ ಡಿಸೆಂಬರಿನಲ್ಲಿ ದಾವಣಗೆರೆ ತಾಲ್ಲೂಕಿನ ಹೊನ್ನೂರಿನ ಬಳಿ ಯಾರೋ ತಂದು ಬಿಟ್ಟುಹೋದ ಎರಡು ರಾಟ್‌ವೀಲರ್ ನಾಯಿಗಳು ರಾತ್ರಿ ಒಬ್ಬ ಮಹಿಳೆಯ ಮೇಲೆ ಬಿದ್ದು, ಆಕೆ ಪ್ರಾಣ ಕಳೆದುಕೊಂಡದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಅಲ್ಲಿ ಪೊಲೀಸರು ಮೊದಲು ಹುಡುಕಬೇಕಾದದ್ದು ಯಾರನ್ನು? ನಾಯಿಗಳು ಕಣ್ಣೆದುರಿಗೇ ಇದ್ದವು. ಕಾಣದೆ ಹೋಗಿದ್ದವನು ಒಡೆಯ! ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ಪ್ರಾಣಿ ಅದು. ಅದನ್ನು ಕೊಂಡವನ ಹೆಸರು ಯಾವುದಾದರೊಂದು ಸ್ಥಳೀಯ ಸಂಸ್ಥೆಯ ಪುಸ್ತಕದಲ್ಲಿ ಇದ್ದಿದ್ದರೆ, ರಾತ್ರೋರಾತ್ರಿ ರಸ್ತೆಯ ಬದಿಗೆ ಬಿಟ್ಟುಹೋಗುವ ಧೈರ್ಯ ಬರುತ್ತಿತ್ತೇ?

ನಮ್ಮ ಹಿರಿಯರಿಗೆ ಈ ತಿಳಿವಳಿಕೆ ಇರಲಿಲ್ಲವೆಂದು ಯಾರೂ ಭಾವಿಸಬೇಕಿಲ್ಲ. ನಮ್ಮ ಬಾಲ್ಯದಲ್ಲಿ ಊರೂರಿಗೆ ಕೊಂಡವಾಡ ಇರುತ್ತಿತ್ತು. ಇಂದಿನ ಮಕ್ಕಳಿಗೆ ಈ ಶಬ್ದ ತಿಳಿಯದು. ಒಬ್ಬನ ಎತ್ತು ಇನ್ನೊಬ್ಬನ ಹೊಲಕ್ಕೆ ನುಗ್ಗಿ ಜೋಳವನ್ನೋ ತೊಗರಿಯನ್ನೋ ಮೇಯ್ದರೆ, ಆ ಎತ್ತನ್ನು ಹೊಡೆದುಕೊಂಡು ಹೋಗಿ ಕೊಂಡವಾಡದಲ್ಲಿ ಕೂಡುತ್ತಿದ್ದರು. ಒಡೆಯ ಬಂದು ದಂಡ ಕಟ್ಟಿ, ತಲೆ ತಗ್ಗಿಸಿ, ತನ್ನ ಎತ್ತನ್ನು ಬಿಡಿಸಿಕೊಂಡು ಹೋಗಬೇಕಾಗಿತ್ತು. ಇದಕ್ಕಾಗಿ 1966ರ ಕರ್ನಾಟಕ ಜಾನುವಾರು ಅತಿಕ್ರಮಣ ಕಾಯಿದೆಯೇ ಇದೆ. "ಎತ್ತು ನಮ್ದಲ್ರೀ, ಓಣ್ಯಾಗಿಂದು" ಎಂದು ಯಾವ ರೈತನೂ ಹೇಳಲಿಲ್ಲ. ಹೇಳಿದರೆ ಎತ್ತು ಹೋಗುತ್ತಿತ್ತಲ್ಲ! ಒಂದು ಹಿಡಿ ತೊಗರಿಯ ನಷ್ಟಕ್ಕೆ ದಂಡ ಕಟ್ಟಿಸಿದ ಊರುಗಳಲ್ಲಿ, ಒಂದು ಮಗುವಿನ ಕಾಲಿನ ಮಾಂಸ ಕಿತ್ತುಹೋದರೆ ದಂಡವಿಲ್ಲ ಎಂದರೆ ಇದು ಯಾವ ನ್ಯಾಯ?

ಇವತ್ತಿನ ಕಥೆಯನ್ನೇ ನೋಡಿರಿ. ಕಾಲುಬಾಯಿ ರೋಗದ ಲಸಿಕೆಗಾಗಿ ಬರುವ ಪಶು ವೈದ್ಯಕೀಯ ಸಿಬ್ಬಂದಿ ನಮ್ಮ ಎಮ್ಮೆ, ಆಕಳುಗಳ ಕಿವಿಗೆ 12 ಅಂಕಿಗಳ ಹಳದಿ ಬಿಲ್ಲೆಯನ್ನು ಹಾಕಿ ಹೋಗುತ್ತಾರೆ. ಯಾವ ಎಮ್ಮೆ, ಯಾರ ಎಮ್ಮೆ, ಯಾವಾಗ ಸೂಜಿ ಹಾಕಿದ್ದು ಎಂಬುದೆಲ್ಲ ಗಣಕಯಂತ್ರದಲ್ಲಿ ಸಿಗುತ್ತದೆ. ಮನೆಯ ಈ-ಸ್ವತ್ತು ಬೇಕಾದರೆ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಸುತ್ತೇವೆ. ನಳದ ಸಂಪರ್ಕಕ್ಕೂ ಒಂದು ಸಂಖ್ಯೆ ಇದೆ. ಹಾಲು ಕೊಡುವ ಎಮ್ಮೆಗೆ ಗುರುತುಂಟು, ಪ್ರಾಣ ತೆಗೆಯಬಲ್ಲ ರೋಗವನ್ನು ಹಲ್ಲಿನಲ್ಲಿಟ್ಟುಕೊಂಡು ತಿರುಗಬಲ್ಲ ನಾಯಿಗೆ ಗುರುತಿಲ್ಲ!

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯವಾಗದಂತೆ, ತೀವ್ರ ಗಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ವಿಧಿಸಬಹುದು. ಹಳೆಯ ದಂಡ ಸಂಹಿತೆಯ 289ನೆಯ ಕಲಮಿನಲ್ಲಿಯೂ ಇದೇ ಇತ್ತು, ದಂಡ ಮಾತ್ರ 1,000 ರೂಪಾಯಿ. ಆದರೆ ಓದುಗರು "ತನ್ನ ವಶದಲ್ಲಿರುವ" ಎಂಬ ಎರಡು ಪದಗಳನ್ನು ಗಮನಿಸಬೇಕು. ಇಡೀ ಕಲಮು ನಿಂತಿರುವುದೇ ಅದರ ಮೇಲೆ. ನಾಯಿ ತನ್ನ ವಶದಲ್ಲಿ ಇರಲಿಲ್ಲವೆಂದು ಒಡೆಯ ಕೈತೊಳೆದುಕೊಂಡರೆ, ಕಡಿಸಿಕೊಂಡ ಕೂಲಿಕಾರ ಅದನ್ನು ಸಾಬೀತುಪಡಿಸುವುದು ಹೇಗೆ? ನೆರೆಹೊರೆಯವರು ಸಾಕ್ಷಿ ಹೇಳುವರೇ? ನಾಳೆ ಅದೇ ಮನೆಯವರ ಹೊಲಕ್ಕೆ ಕೂಲಿಗೆ ಹೋಗಬೇಕಾದವರು ಅವರು.

2023ರ ಮಾರ್ಚ್ 10ರಂದು ಹೊರಬಿದ್ದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಈ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿವೆ. ಸಾಕಿದ ನಾಯಿಗೆ ಜಂತುನಾಶಕ, ಲಸಿಕೆ, ಸಂತಾನಹರಣ ಚಿಕಿತ್ಸೆ ಇವೆಲ್ಲದರ ಹೊಣೆ ಒಡೆಯನದು. ಬೀದಿಯ ನಾಯಿಗೆ ಅದೇ ಹೊಣೆ ಸ್ಥಳೀಯ ಸಂಸ್ಥೆಯದು. ಎಷ್ಟು ಚೊಕ್ಕಟವಾದ ವಿಂಗಡಣೆ! ಆದರೆ ನಮ್ಮ ಹಳ್ಳಿಯ ನಾಯಿ ಈ ಎರಡು ಖಾನೆಗಳ ನಡುವಿನ ಗೆರೆಯ ಮೇಲೆ ಮಲಗಿರುತ್ತದೆ. ಬೆಳಿಗ್ಗೆ ಒಂದು ಮನೆಯ ರೊಟ್ಟಿ, ಸಂಜೆ ಇನ್ನೊಂದು ಮನೆಯ ಕಟ್ಟೆ. ಅದು ಸಾಕಿದ್ದೂ ಹೌದು, ಬೀದಿಯದೂ ಹೌದು. ಒಡೆಯನು "ಅದು ಬೀದಿಯದು, ಪಂಚಾಯಿತಿಯವರು ನೋಡಲಿ" ಎನ್ನುತ್ತಾನೆ. ಪಂಚಾಯಿತಿಯವರು "ಅದು ಸಾಕಿದ್ದು, ಒಡೆಯ ನೋಡಲಿ" ಎನ್ನುತ್ತಾರೆ. ಇಬ್ಬರ ನಡುವೆ ನಾಯಿಗೆ ಲಸಿಕೆಯಿಲ್ಲ.

ಹಣದ ಲೆಕ್ಕವೂ ಹೀಗೆಯೇ. 2025ರ ನವೆಂಬರಿನಲ್ಲಿ ರಾಜ್ಯ ಸರಕಾರವು ಬೀದಿನಾಯಿ ಕಡಿತದಿಂದ ಮೃತಪಟ್ಟವರ ಕುಟುಂಬಕ್ಕೆ 5 ಲಕ್ಷ ರೂಪಾಯಿ, ಗಾಯಗೊಂಡವರಿಗೆ 5,000 ರೂಪಾಯಿ ಎಂದು ಪ್ರಕಟಿಸಿತು. ಆ ಐದು ಸಾವಿರದಲ್ಲಿ ಗಾಯಾಳುವಿನ ಕೈಗೆ 3,500, ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ 1,500. ಒಳ್ಳೆಯದೇ. ಆದರೆ ಈ ಹಣ ನಮ್ಮೆಲ್ಲರ ತೆರಿಗೆಯದು. ಒಡೆಯನಿದ್ದ ನಾಯಿಯನ್ನು "ಓಣಿಯದು" ಎಂದು ಜಾರಿಸಿದ ಪ್ರತಿಯೊಬ್ಬನೂ ತಾನು ಕಟ್ಟಬೇಕಾದ ದಂಡವನ್ನು ಊರವರ ಮೇಲೆ ಹೊರಿಸುತ್ತಾನೆ. ಇದಕ್ಕೆ ನಾನು ಬೇರೆ ಹೆಸರು ಕೊಡಬಲ್ಲೆ, ಆದರೆ ಮಾಸ್ತರರ ಬಾಯಿಂದ ಅಂಥ ಮಾತು ಬರಬಾರದು!

ಈಗ ರೋಗದ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಏಕೆಂದರೆ ನಮ್ಮ ಭಾಗದಲ್ಲಿ ಇಂದಿಗೂ ನಾಯಿ ಕಡಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚುವವರಿದ್ದಾರೆ. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ, ಅವರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಭಾರತದವರು. ಮನುಷ್ಯನಿಗೆ ಇದು ಬರುವುದು ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಯಿಂದಲೇ. ಶಂಕಿತ ಪ್ರಾಣಿಗಳಿಂದ ಕಡಿಸಿಕೊಂಡವರಲ್ಲಿ ನೂರಕ್ಕೆ ನಲವತ್ತು ಮಂದಿ 15 ವರ್ಷದೊಳಗಿನ ಮಕ್ಕಳು. ಅಂದರೆ ನಾನು ಆಯುಷ್ಯವಿಡೀ ಪಾಠ ಹೇಳಿದ ವಯಸ್ಸಿನವರು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ನಾಯಿ ಕಡಿಯಿತು. ತಂದೆ ಫರಸಿ ಕಲ್ಲಿನ ಗಣಿಯಲ್ಲಿ ದಿನಗೂಲಿ. ನಾಯಿ ಉಳ್ಳವರ ಮನೆಯದು. ಯಾರದೆಂದು ಇಡೀ ಓಣಿಗೆ ಗೊತ್ತಿತ್ತು. ಆಗ ಬಳಕೆಯಲ್ಲಿದ್ದುದು ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ರೂಪಿಸಿದ್ದು, ನಮ್ಮ ದೇಶದಲ್ಲಿ 2004ರವರೆಗೂ ನಡೆಯಿತು. ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಹದಿನಾಲ್ಕು ಸೂಜಿಗಳು! ಹುಡುಗನ ತಂದೆ ಅಷ್ಟು ದಿನವೂ ಕೂಲಿ ಬಿಟ್ಟು ಮಗನನ್ನು ರೈಲಿನಲ್ಲಿ ದವಾಖಾನೆಗೆ ಕರೆದೊಯ್ದ. ನಾನು, ಇನ್ನಿಬ್ಬರು ಸಹೋದ್ಯೋಗಿಗಳು ನಾಯಿಯ ಒಡೆಯರ ಮನೆಗೆ ಹೋಗಿ, ಕನಿಷ್ಠ ಪ್ರಯಾಣದ ಖರ್ಚನ್ನಾದರೂ ಕೊಡಿರೆಂದು ಕೇಳಿಕೊಂಡೆವು. ನಾಯಿ ಅವರದೇ ಪಡಸಾಲೆಯಲ್ಲಿ ಮಲಗಿತ್ತು. ಯಜಮಾನರು ನಮಗೆ ಚಹಾ ತರಿಸಿದರು. ಬಳಿಕ ನಗುತ್ತಲೇ "ಅದೇನು ನಮ್ಮ ನಾಯಿ ಏನ್ರೀ ಸರ, ಬರ್ತದ, ಬೀಳ್ತದ, ಹೋಗ್ತದ" ಎಂದರು. ಹುಡುಗ ಬದುಕಿದ. ಆ ವರ್ಷದ ಪರೀಕ್ಷೆಗೆ ಮಾತ್ರ ಕೂಡಲಾಗಲಿಲ್ಲ, ಮರುವರ್ಷ ಶಾಲೆಗೂ ಬರಲಿಲ್ಲ. ತಂದೆಯ ಜೊತೆ ಗಣಿಗೆ ಹೋದ ಎಂದು ತಿಳಿಯಿತು. ನಾಯಿಯ ಹಲ್ಲು ತಾಗಿದ್ದು ಕಾಲಿಗೆ, ಹೋದದ್ದು ಒಂದು ವಿದ್ಯೆ.

ಇಂದು ಸ್ಥಿತಿ ಎಷ್ಟೋ ಸುಧಾರಿಸಿದೆ. ತೋಳಿಗೆ ನಾಲ್ಕೈದು ಸೂಜಿಗಳಲ್ಲಿ ಮುಗಿಯುತ್ತದೆ. ಕಡಿದ ತಕ್ಷಣ ಗಾಯವನ್ನು ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಇನ್ನೊಂದು ಔಷಧವನ್ನು ಗಾಯದ ಸುತ್ತಲೇ ಹಾಕಬೇಕು. ಇಲ್ಲಿ ಒಡೆಯನ ಪಾತ್ರವೊಂದಿದೆ. ಕಡಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಹತ್ತು ದಿನವೂ ಅದು ಆರೋಗ್ಯವಾಗಿ ಬದುಕಿದ್ದರೆ, ಕಡಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲ ಎಂದು ವೈದ್ಯರು ತೀರ್ಮಾನಿಸಬಲ್ಲರು. ಅದಕ್ಕಾಗಿ ಕಾಯುತ್ತ ಲಸಿಕೆಯನ್ನು ಮುಂದೂಡುವಂತಿಲ್ಲ. ಮೊದಲ ದಿನವೇ ಆರಂಭಿಸಲೇಬೇಕು. ಆದರೆ ಆ ಹತ್ತು ದಿನ ನಾಯಿಯನ್ನು ಕಟ್ಟಿಹಾಕಿ, ಅನ್ನ ನೀರು ಕೊಟ್ಟು, ವೈದ್ಯರಿಗೆ ವರದಿ ಒಪ್ಪಿಸುವವರು ಯಾರು? "ಬರ್ತದ, ಬೀಳ್ತದ, ಹೋಗ್ತದ" ಎಂಬ ನಾಯಿಯನ್ನು ಯಾರು ಕಾಯುತ್ತಾರೆ? ಒಡೆಯನ ಹೆಸರು ತಿಳಿದಿರುವುದು ದಂಡಕ್ಕಾಗಿ ಮಾತ್ರವಲ್ಲ, ಚಿಕಿತ್ಸೆಗಾಗಿಯೂ ಬೇಕು.

ಕೊಲ್ಲಿರಿ ಎನ್ನುವವರಿಗೆ ನನ್ನದು ಎರಡೇ ಮಾತು. 1832ರಲ್ಲಿ ಮುಂಬಯಿಯಲ್ಲಿ ಕುಂಪಣಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟು ಪಾರಸಿಗಳ ದಂಗೆಯನ್ನೇ ಎದುರಿಸಿತು. ಅಂದಿನಿಂದ ಕೊಲ್ಲುತ್ತಲೇ ಬಂದರೂ ನಾಯಿಗಳು ಮುಗಿಯಲಿಲ್ಲ, ರೋಗವೂ ಮುಗಿಯಲಿಲ್ಲ. ಗೋವೆಯವರು ಕೊಲ್ಲಲಿಲ್ಲ. ವರ್ಷವರ್ಷವೂ ಊರೂರು ತಿರುಗಿ ನಾಯಿಗಳಿಗೆ ಲಸಿಕೆ ಹಾಕಿದರು. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ಶಾಸ್ತ್ರ. 2021ರಲ್ಲಿ ಗೋವಾ ತನ್ನನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು. ನಮ್ಮಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದ ರಾಜ್ಯ ಅದು, ಬೇರೆ ಗ್ರಹವಲ್ಲ. ವಿಷದ ಉಂಡೆ ಹಾಕುವ ಮಾತು ಆಡುವವರಿಗೆ ಇನ್ನೊಂದು: ವಿಷಕ್ಕೆ ಎಮ್ಮೆ, ಮೇಕೆ, ಮಗು ಎಂಬ ಭೇದ ಗೊತ್ತಿಲ್ಲ.

ಕರುಣೆಯ ಪಕ್ಷದವರು ಮಾತೆತ್ತಿದರೆ ಧರ್ಮರಾಯನನ್ನು ಕರೆತರುತ್ತಾರೆ. ಸ್ವರ್ಗದ ಬಾಗಿಲಿನಲ್ಲಿಯೂ ಅವನು ನಾಯಿಯನ್ನು ಬಿಡಲಿಲ್ಲ ಎಂಬುದು ನಿಜ. ನಮ್ಮ ಯಾದಗಿರಿಯ ಬಳಿಯ ಮೈಲಾಪುರದ ಮೈಲಾರಲಿಂಗನ ಪರಂಪರೆಯಲ್ಲಿಯೂ ನಾಯಿಗೆ ಪೂಜ್ಯ ಸ್ಥಾನವಿದೆ, ಗೊರವರು ದೇವರ ನಾಯಿಗಳೆಂದೇ ತಮ್ಮನ್ನು ಕರೆದುಕೊಳ್ಳುತ್ತಾರೆ. ಇದನ್ನೆಲ್ಲ ಗೌರವಿಸುವವನೇ ನಾನು. ಆದರೆ ಧರ್ಮರಾಯ ಏನು ಮಾಡಿದ ಎಂಬುದನ್ನು ಸರಿಯಾಗಿ ನೋಡಿರಿ. ಜೊತೆಗೆ ಬಂದ ನಾಯಿಯ ಹೊಣೆಯನ್ನು ಅವನು ಇಂದ್ರನ ಎದುರಿಗೆ ನಿಂತು ಒಪ್ಪಿಕೊಂಡ. "ಅದು ನನ್ನದಲ್ಲ, ದಾರಿಯಲ್ಲಿ ಬಂದದ್ದು" ಎಂದು ಜಾರಿಕೊಳ್ಳುವ ಅವಕಾಶ ಅವನಿಗೂ ಇತ್ತಲ್ಲವೇ? ಹಾದಿಬದಿಯಲ್ಲಿ ಬಿಸ್ಕತ್ತು ಎಸೆದು ಮೋಟಾರು ಸೈಕಲ್ ಏರಿ ಹೊರಡುವವರು ಧರ್ಮರಾಯನ ಹೆಸರು ಹೇಳುವುದು ಬೇಡ.

ಹೊಣೆಗಾರಿಕೆಯನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಭೀಮಾ ನದಿಯ ದಂಡೆಯಲ್ಲಿ ಕುರಿ ಕಾಯುವ ಕುರುಬರನ್ನು ನೋಡಿರಿ. ತೋಳವನ್ನು ಎದುರಿಸಬಲ್ಲ ನಾಯಿಗಳು ಅವರವು. ಆದರೆ ಯಾವುದು ಯಾರ ನಾಯಿ ಎಂಬುದರಲ್ಲಿ ಸಂದೇಹವೇ ಇರುವುದಿಲ್ಲ. ಊರ ಸಮೀಪ ಬಂದಾಗ ಹಗ್ಗ ಬಿಗಿಯುತ್ತಾರೆ. ಅತಿ ಚುರುಕಾದ ನಾಯಿಯ ಕೊರಳಿಗೆ ಒಂದು ಕಟ್ಟಿಗೆಯ ತುಂಡನ್ನು ಇಳಿಬಿಡುತ್ತಾರೆ. ಓಡಲು ಹೋದರೆ ಅದು ಮುಂಗಾಲಿಗೆ ಬಡಿಯುತ್ತದೆ. ಅಕ್ಷರ ಕಲಿಯದ ಕುರುಬನಿಗೆ ತಿಳಿದ ಧರ್ಮ ಗಚ್ಚಿನ ಮನೆ ಕಟ್ಟಿಸಿ, ಗೇಟಿನ ಮೇಲೆ "ನಾಯಿ ಇದೆ ಎಚ್ಚರಿಕೆ" ಎಂದು ಫಲಕ ಹಾಕಿ, ಗೇಟನ್ನೇ ಮುಚ್ಚದೆ ಬಿಡುವ ವಿದ್ಯಾವಂತನಿಗೆ ತಿಳಿಯದು! ಎಚ್ಚರಿಕೆಯಿಂದ ಇರಬೇಕಾದವನು ದಾರಿಹೋಕನಂತೆ. ಇನ್ನು "ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆಯನ್ನು ಮಕ್ಕಳಿಗೆ ಕಲಿಸುವುದನ್ನು ನಾನು ಎಂದೋ ನಿಲ್ಲಿಸಿದ್ದೆ. ಅದನ್ನು ಕಟ್ಟಿದವನಿಗೆ ನಾಯಿಯ ಪರಿಚಯ ಸಾಲದು.

ಹಾಗಾದರೆ ಪಂಚಾಯಿತಿ ಏನು ಮಾಡಬೇಕು? ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮನೆಯ ಕರ ವಸೂಲಿಗೆ ಬರುವ ಸಿಬ್ಬಂದಿ ಪ್ರತಿ ಮನೆಯ ಬಾಗಿಲಿಗೂ ಬರುತ್ತಾರೆ. ಅವರ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಿಸಲಿ: ಈ ಮನೆಯಲ್ಲಿ ಅನ್ನ ತಿನ್ನುವ ನಾಯಿಗಳು ಎಷ್ಟು, ಅವುಗಳ ಬಣ್ಣ, ಗಂಡೋ ಹೆಣ್ಣೋ, ಲಸಿಕೆ ಹಾಕಿಸಿದ ದಿನಾಂಕ, ಒಡೆಯರ ಸಹಿ. ನೋಂದಣಿಗೆ ಒಂದು ಪೈಸೆಯನ್ನೂ ತೆಗೆದುಕೊಳ್ಳಬಾರದು. ಬಡವನ ಮನೆಯ ನಾಯಿಗೆ ತೆರಿಗೆ ಹಾಕುವುದು ಪಾಪ. ಲಸಿಕೆಗಾಗಿ ಪಶು ಚಿಕಿತ್ಸಾಲಯದವರನ್ನು ವರ್ಷಕ್ಕೊಮ್ಮೆ ಊರಿಗೇ ಕರೆಸಲಿ. ಸೆಪ್ಟೆಂಬರ್ 28, ಲೂಯಿ ಪಾಶ್ಚರ್ ಅವರ ಪುಣ್ಯತಿಥಿ, ವಿಶ್ವ ರೇಬೀಸ್ ದಿನ. ಅಂದು ಹೇಗೂ ಕೆಲವೆಡೆ ಉಚಿತ ಲಸಿಕೆ ಹಾಕುತ್ತಾರೆ, ನಾಲವಾರಕ್ಕೂ ಬರಲಿ. ಕೊರಳಿಗೆ ಒಂದು ಬಣ್ಣದ ಪಟ್ಟಿ ಸಾಕು. ದಂಡ ಬೀಳಬೇಕಾದದ್ದು ಲಸಿಕೆ ಹಾಕಿಸದವನಿಗೆ, ಕಡಿಯುವ ಸ್ವಭಾವ ಗೊತ್ತಿದ್ದೂ ಬಿಟ್ಟವನಿಗೆ, ಸಾಕಿ ಸಾಕಾಗಿ ಬೇರೆ ಊರಿನ ಅಗಸಿಯಲ್ಲಿ ಬಿಟ್ಟು ಬಂದವನಿಗೆ. ಹೆಸರು ಬರೆಸದೆ ಉಳಿದ ನಾಯಿಗಳೆಲ್ಲ ಪಂಚಾಯಿತಿಯವು. ನಿಯಮದ ಪ್ರಕಾರ ಅವುಗಳ ಲಸಿಕೆ, ಸಂತಾನಹರಣ ಎರಡನ್ನೂ ಅದೇ ಮಾಡಿಸಲಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಹೆಚ್ಚಿನವು ಸೋಮಾರಿತನದವು. ಒಂದು ಮಾತ್ರ ಗಟ್ಟಿಯಾದುದು. "ಹೆಸರು ಬರೆಸಿರಿ ಎಂದರೆ ಜನ ನಾಯಿಗಳನ್ನೇ ಕೈಬಿಡುತ್ತಾರೆ, ಬೀದಿನಾಯಿಗಳು ಇನ್ನಷ್ಟು ಹೆಚ್ಚುತ್ತವೆ" ಎಂದು ನನ್ನ ಗೆಳೆಯರೊಬ್ಬರು, ಅವರೂ ನಿವೃತ್ತ ಶಿಕ್ಷಕರೇ, ವಾದಿಸುತ್ತಾರೆ. ಬೆಂಗಳೂರಿನ ಉದಾಹರಣೆಯನ್ನೂ ಕೊಡುತ್ತಾರೆ. 2018ರಲ್ಲಿ ಆಗಿನ ಬಿಬಿಎಂಪಿಯು ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂದು ಮಿತಿ ಹಾಕಲು ಹೋಗಿ, ಜನರ ವಿರೋಧಕ್ಕೆ ಹೆದರಿ ಹಿಂದೆ ಸರಿಯಿತು. ಆದರೆ ಬೆಂಗಳೂರಿನವರು ಸಿಡಿದದ್ದು ಎಣಿಕೆಯ ಮಿತಿಗೆ, ಹೆಚ್ಚಿನ ನಾಯಿಯನ್ನು ಎಲ್ಲಿ ಬಿಡಬೇಕೆಂಬ ಚಿಂತೆಗೆ. ನಾನು ಮಿತಿ ಕೇಳುತ್ತಿಲ್ಲ. ನಾಲ್ಕು ಸಾಕಿರಿ, ನಾಲ್ಕರ ಹೆಸರೂ ಬರೆಸಿರಿ. ಆದರೂ ಕೆಲವರು ಕೈಬಿಟ್ಟಾರು, ಒಪ್ಪುತ್ತೇನೆ. ಅವರು ಈಗಲೂ ಹಿಡಿದುಕೊಂಡಿಲ್ಲವಲ್ಲ! ಇಂದು ಲಸಿಕೆಯಿಲ್ಲದ ನಾಯಿಯೊಂದು "ಅರ್ಧ ನಮ್ಮದು" ಎಂಬ ಹೆಸರಿನಲ್ಲಿ ತಿರುಗುತ್ತಿದೆ. ನಾಳೆ ಅದು "ಪೂರ್ತಿ ಪಂಚಾಯಿತಿಯದು" ಎಂದಾದರೆ ಕನಿಷ್ಠ ಅದಕ್ಕೆ ಸೂಜಿ ಹಾಕಿಸುವವರು ಯಾರೆಂಬುದು ತಿಳಿಯುತ್ತದೆ. ಗೆಳೆಯರು ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ, ಚಹಾ ಮಾತ್ರ ಎರಡು ಸಲ ಕುಡಿಸಿದ್ದಾರೆ.

ಶಾಲೆಗಳ ವಿಷಯವನ್ನು ಬಿಡಲಾರೆ. ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣಗಳಿಂದ ನಾಯಿಗಳನ್ನು ತೆರವುಗೊಳಿಸಬೇಕು, ಬೇಲಿ ಹಾಕಬೇಕು ಎಂದಿತು. ಆದೇಶ ಉತ್ತಮ. ಆದರೆ ನಾಯಿ ಶಾಲೆಗೆ ಏಕೆ ಬರುತ್ತದೆ? ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಕಲಬುರಗಿಯೂ ಸೇರಿದಂತೆ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿಯೇ. ಎಂಥ ಪುಣ್ಯದ ಕೆಲಸ! ಆದರೆ ಉಳಿದ ಅನ್ನವನ್ನು ಗೋಡೆಯ ಹಿಂದೆ ಸುರಿದರೆ ಹನ್ನೆರಡು ನಾಯಿಗಳು ಗಂಟೆಯ ಸದ್ದಿಗೆ ಸರಿಯಾಗಿ ಹಾಜರಾಗುತ್ತವೆ, ಕೆಲವು ವಿದ್ಯಾರ್ಥಿಗಳಿಗಿಂತ ನಿಯಮಿತವಾಗಿ! ಮಾಂಸದ ಅಂಗಡಿಗಳ ತ್ಯಾಜ್ಯ ರಸ್ತೆಯ ಬದಿಯಲ್ಲಿ ಬೀಳುವುದನ್ನು ತಡೆಯುವುದೂ ಪಂಚಾಯಿತಿಯ ಕೆಲಸವೇ. ಅದಕ್ಕೆ ದಿಲ್ಲಿಯ ಆದೇಶ ಬೇಕಿಲ್ಲ, ಒಂದು ಗುಂಡಿ, ಒಬ್ಬ ಹೇಳುವವನು ಸಾಕು.

ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಸದಸ್ಯರಿರಲಿ, ಆಡಳಿತಾಧಿಕಾರಿ ಇರಲಿ, ಮುಂದಿನ ಸಭೆಯಲ್ಲಿ ಈ ನೋಂದಣಿಯ ಅರ್ಜಿಯನ್ನು ನಾನು ಒಪ್ಪಿಸುವವನಿದ್ದ��ನೆ. ಒಂದು ಪುಟದ ಅರ್ಜಿ, ಬರೆದು ಮುಗಿಸಿದ್ದೇನೆ. ಒಬ್ಬನ ಸಹಿಗಿಂತ ನೂರು ಸಹಿಗೆ ತೂಕ ಹೆಚ್ಚು. ಆದ್ದರಿಂದ ನಾಲವಾರದ ಓದುಗರು, ವಿಶೇಷವಾಗಿ ನನ್ನ ಹಳೆಯ ವಿದ್ಯಾರ್ಥಿಗಳು, ಸಂಜೆಯ ಹೊತ್ತು ಮನೆಗೆ ಬಂದು ಸಹಿ ಹಾಕಬಹುದು. ನಮ್ಮ ಮನೆಯಲ್ಲಿಯೂ ಒಂದು ಕಂದು ಬಣ್ಣದ ನಾಯಿ ಇದೆ. ಹಗಲು ಕಟ್ಟಿರುತ್ತೇವೆ, ಲಸಿಕೆಯ ಚೀಟಿ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದೆ. ಬಾಗಿಲ ಬಳಿ ನಿಂತು ಒಮ್ಮೆ ಕೂಗಿರಿ, ಬಂದು ಗೇಟು ತೆಗೆಯುತ್ತೇನೆ.